ಹಾಡು ಸಾಕು ಅಂದ ಆಮೋಸ

ನಮ್ಮ ವಾಚನಾಲಯದ ಹುಡುಗರು ಈ ಸಲದ ಸಂಗ್ರಹಕ್ಕ ಒಬ್ಬೊಬ್ಬರು ಒಂದೊಂದು ಗ್ರಂಥದ ಮ್ಯಾಲ ವಿಮರ್ಶೆ ಬರೀಬೇಕು ಅಂತ ಠರಾಯಿಸಿದಾಗ ನಾನು ಹಿಂಜರಿದೆ. ನಾನು ಕಲಿತದ್ದು ಏಳನೇ ಕ್ಲಾಸಿನ ತನಕ. ಕೈಯಾಗ ಹಿಡಿದದ್ದು ಕೂರಿಗಿ, ಕುಡಗೋಲು, ತಾಳ. "ಕಾಕಾ, ನೀವು ಹಾಡಿನ ಮಂದಿ, ಹಾಡಿನ ಸುದ್ದಿ ಬರೀರಿ" ಅಂದ್ರು. ಆಯ್ತು, ಹಾಡಿನ ಸುದ್ದಿನೇ ಬರೀತೀನಿ. ಆದರ ಹಾಡು ಸಾಕು, ನಿಲ್ಲಿಸ್ರಿ ಅಂದವನ ಪುಸ್ತಕದ ಮ್ಯಾಲ ಬರೀತೀನಿ.

ಅದು ಆಮೋಸನ ಪುಸ್ತಕ. ಬೈಬಲ್ಲಿನ ಹಳೇ ಒಡಂಬಡಿಕೆಯಲ್ಲಿ ಅದ. ಬಹಳ ಸಣ್ಣದು, 9 ಅಧ್ಯಾಯ, 146 ವಚನ. ಊಟ ಆದ ಮ್ಯಾಲ ಕುಂತರ ಮಲಗೋದರೊಳಗ ಓದಿ ಮುಗಿಸಬಹುದು. ಇದನ್ನ ನಾನು ಚಿಕ್ಕಂದಿನಿಂದ ಕೇಳುತ್ತ ಬಂದೀನಿ, ಆದರ ನನಗ ತಿಳಿದದ್ದು ನಡುವಯಸ್ಸು ಬಂದ ಮ್ಯಾಲ. ಕ್ರೈಸ್ತರಲ್ಲದ ಓದುಗ ಬಂಧುಗಳೂ ಇದನ್ನ ಓದ್ತೀರಿ ಅಂತ ಗೊತ್ತು. ಆದ್ದರಿಂದ ಮೊದಲು ಆಮೋಸ ಯಾರು ಅಂತ ಹೇಳ್ತೀನಿ.

ಆತ ಪೂಜಾರಿ ಅಲ್ಲ, ಪಂಡಿತ ಅಲ್ಲ. ತೆಕೋವ ಎಂಬ ಊರಿನ ಕುರಿಗಾರ. ತೆಕೋವ ಇರೋದು ಬೆತ್ಲೆಹೇಮಿನ ದಕ್ಷಿಣಕ್ಕ. ಕುರಿ ಕಾಯೋದರ ಜೊತಿಗೆ ಅತ್ತಿಹಣ್ಣಿನ ಕೆಲಸನೂ ಮಾಡತಿದ್ದ. ಕ್ರಿಸ್ತಪೂರ್ವ 8ನೇ ಶತಮಾನದ ಮಾತು ಇದು. ಆಗ ಒಂದೇ ಜನ ಎರಡು ರಾಜ್ಯ ಆಗಿ ಒಡೆದಿತ್ತು, ದಕ್ಷಿಣಕ್ಕ ಯೆಹೂದ, ಉತ್ತರಕ್ಕ ಇಸ್ರಾಯೇಲ್. ಆಮೋಸ ಯೆಹೂದದವ. ಗಡಿ ದಾಟಿ ಇಸ್ರಾಯೇಲಿನ ಬೇತೇಲಿಗೆ ಹೋದ. ಅಲ್ಲಿ ರಾಜನ ಕೃಪೆಯಲ್ಲಿದ್ದ ದೊಡ್ಡ ಗುಡಿ ಇತ್ತು. ಯಾರೊಬ್ಬಾಮ ಎಂಬ ಹೆಸರಿನ ಎರಡನೇ ರಾಜನ ಕಾಲ. ಉಳ್ಳವರ ಮನ್ಯಾಗ ರೊಕ್ಕ ತುಂಬಿತ್ತು, ಗುಡಿಯಲ್ಲಿ ಜನ ತುಂಬಿದ್ದರು. ಹಬ್ಬ ತಪ್ಪತಿರಲಿಲ್ಲ, ಬಲಿ ತಪ್ಪತಿರಲಿಲ್ಲ, ಹಾಡು ತಪ್ಪತಿರಲಿಲ್ಲ. ಅಂಥಲ್ಲಿ ನಿಂತು ಈ ಕುರಿಗಾರ, ನಿಮ್ಮ ಹಬ್ಬ ಕಂಡರೆ ದೇವರಿಗೆ ಹೇಸಿಕಿ ಬರ್ತದ ಅಂದ. ಗುಡಿಯ ಯಾಜಕ ಅಮಚ್ಯ ಸಿಟ್ಟಾಗಿ, ನಿನ್ನ ಸೀಮೆಗೆ ಹೋಗಿ ಅಲ್ಲೇ ರೊಟ್ಟಿ ತಿನ್ನು, ಇಲ್ಲಿ ಬಾಯಿ ತೆರೀಬೇಡ ಅಂತ ಅಟ್ಟಿದ. ಗಡಿಯಲ್ಲಿ ಬದುಕಿದ ನಮಗ ಅಂಥ ಮಾತು ಹೊಸದಲ್ಲ.

ಆಮೋಸ ತನ್ನ ಕಾಲವನ್ನ ಹೇಳೋ ರೀತಿ ನೋಡ್ರಿ. ಭೂಕಂಪಕ್ಕ ಎರಡು ವರ್ಷ ಮೊದಲು ಅಂತಾನ. ಹಳ್ಳಿಯವರ ಲೆಕ್ಕ ಹಂಗೇ. ನಾವೂ ಕಿಲ್ಲಾರಿ ಭೂಕಂಪ ಆದ ವರ್ಷ, ಅದರ ಮರುವರ್ಷ ಅಂತ ಎಣಿಸ್ತೀವಿ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಲಾತೂರಿನ ಕಡೆ ಊರಿಗೆ ಊರೇ ನೆಲಕ್ಕ ಬಿದ್ದಾಗ ನಮ್ಮ ಜಹೀರಾಬಾದ್ ಸೀಮೆಯಲ್ಲೂ ಗ್ವಾಡಿ ನಡುಗಿದವು. ನಾನು ಮುಂದ ಹೇಳೋ ನನ್ನ ಕತೆ ಆ ಭೂಕಂಪದ ಮರುವರ್ಷದ್ದು.

ಮೊದಲು ಹಾಡುಗಾರನಾಗಿ ಈ ಪುಸ್ತಕದ ಕಟ್ಟು ಹ್ಯಾಂಗ ಅದ ಅಂತ ಹೇಳಬೇಕು. ಆಮೋಸನಿಗೆ ಪಲ್ಲವಿಯ ಶಕ್ತಿ ಗೊತ್ತಿತ್ತು. ಶುರುವಿನಲ್ಲಿ ಅಕ್ಕಪಕ್ಕದ ರಾಜ್ಯಗಳ ತಪ್ಪು ಎತ್ತತಾನ. ದಮಸ್ಕ, ಗಾಜಾ, ತೂರ್, ಎದೋಮ್, ಅಮ್ಮೋನ್, ಮೋವಾಬ್. ಪ್ರತಿಯೊಂದಕ್ಕೂ ಮೂರು, ನಾಲ್ಕು ಅಂತ ತಪ್ಪು ಎಣಿಸೋ ಅದೇ ಸೊಲ್ಲು ತಿರುಗಿ ತಿರುಗಿ ಬರ್ತದ. ಕೇಳುವವರಿಗೆ ಖುಷಿ, ವೈರಿಗಳ ತಪ್ಪು ಅಲ್ಲವಾ! ಏಳನೇದು ಯೆಹೂದ, ಆತನದೇ ಸ್ವಂತ ನಾಡು. ಇನ್ನೂ ಖುಷಿ. ಎಂಟನೇ ಸಲ ಅದೇ ಸೊಲ್ಲು ಬಂದಾಗ ಹೆಸರು ಇಸ್ರಾಯೇಲ್, ಎದುರಿಗೆ ಕುಂತವರದೇ. ತಲೆದೂಗಿದವರ ತಲೆ ಅಲ್ಲೇ ನಿಂತಿರಬೇಕು. ಮೊಹರಮ್ಮಿನ ಪದ, ಭಜನಿ ಪದ ಹಾಡಿದವರಿಗೆ ಈ ಹಿಕಮತ್ತು ಗೊತ್ತಾಗ್ತದ. ಕುಣಿಕೆಯನ್ನ ದೂರದಿಂದ ಬೀಸಿ ಹತ್ತಿರ ಹತ್ತಿರ ತಂದು ಬಿಗಿಯೋ ವಿದ್ಯೆ ಅದು.

ನಾಲ್ಕನೇ ಅಧ್ಯಾಯದಲ್ಲೂ ಒಂದು ಪಲ್ಲವಿ ಐದು ಸಲ ಬರ್ತದ. ಹಸಿವು ಬಂತು, ಮಳಿ ನಿಂತಿತು, ಬೆಳಿಗೆ ರೋಗ ಬಂತು, ಮಿಡತಿ ಬಂತು, ಪಿಡುಗು ಬಂತು, ಯುದ್ಧ ಬಂತು. ಒಂದೊಂದು ಪೆಟ್ಟಿನ ಕಡೆಗೂ ದೇವರ ಅದೇ ಕೊರಗು, ಇಷ್ಟಾದರೂ ನೀವು ನನ್ನ ಕಡೆ ಹೊರಳಲಿಲ್ಲ ಅಂತ. ಅಲ್ಲೇ ಮಳಿ ಒಂದು ಹೊಲಕ್ಕ ಬಿದ್ದು ಇನ್ನೊಂದು ಹೊಲ ಒಣಗಿದ ಸುದ್ದಿ ಅದ. ಬದುವಿನ ಈ ಕಡೆ ಹಸಿ, ಆ ಕಡೆ ಧೂಳು, ಇದನ್ನ ಕಣ್ಣಾರೆ ನೋಡಿದವನೇ ಬರೀಬೇಕು. ಸಿಂಹದ ಬಾಯಿಂದ ಕುರಿಗಾರ ಎರಡು ಕಾಲು, ಒಂದು ಚೂರು ಕಿವಿ ಕಿತ್ತು ತರೋ ಹೋಲಿಕೆಯೂ ಹಂಗೇ. ಆಡಂಬರದ ಮಾತು ಒಂದೂ ಇಲ್ಲ.

ಈಗ ಹಾಡಿನ ಸುದ್ದಿ. ಐದನೇ ಅಧ್ಯಾಯದ ಕೊನೆಗೆ ದೇವರು ಹಬ್ಬ ಬೇಡ ಅಂತಾನ, ಕೊಬ್ಬಿದ ಬಲಿ ಬೇಡ ಅಂತಾನ. ಆಮ್ಯಾಲ ಹಾಡಿನ ಗದ್ದಲ ನನ್ನ ಮುಂದಿನಿಂದ ತೆಗೀರಿ, ವಾದ್ಯದ ದನಿ ಕೇಳೋದಿಲ್ಲ ಅಂತಾನ. ಸಭೆಯಲ್ಲಿ ನಲವತ್ತು ವರ್ಷ ಹಾಡಿದವನು ನಾನು. ಕ್ರಿಸ್ಮಸ್ಸಿಗೆ, ಶುಭ ಶುಕ್ರವಾರಕ್ಕೆ, ಮದಿವಿಗೆ, ಮಣ್ಣಿಗೆ, ಎಲ್ಲಕ್ಕೂ ನನ್ನ ದನಿ ಬೇಕು. ಬಲಿ ಬೇಡ ಅಂದ್ರ ನನಗೇನೂ ಆಗತಿರಲಿಲ್ಲ. ಹಾಡು ಬೇಡ ಅಂದದ್ದು ಎದಿಗೆ ನಾಟ್ತು.

ಹಂಗಾದ್ರ ಏನು ಬೇಕು? ನ್ಯಾಯ ನೀರಿನಂಗ ಹರೀಬೇಕು, ನೀತಿ ಎಂದೂ ಬತ್ತದ ಹೊಳಿಯಂಗ ಇರಬೇಕು ಅಂತಾನ. ಪ್ರಸಂಗ ಮಾಡುವವರು ಇದನ್ನ ಜೋರಾಗಿ ಹೇಳಿ ಮುಂದ ಹೋಗಿಬಿಡ್ತಾರ. ಒಕ್ಕಲಿಗ ಅಲ್ಲಿ ನಿಲ್ಲಬೇಕು. ಆಮೋಸನ ಸೀಮೆಯಲ್ಲೂ ನಮ್ಮಂಗ ಹಳ್ಳಗಳು ಮಳಿಗಾಲದಾಗ ಮಾತ್ರ ಹರೀತಾವ. ಮಳಿ ಬಂದ ದಿನ ಹಳ್ಳದ ಸಪ್ಪಳ ಕೇಳಬೇಕು, ಎತ್ತು ಕೊಚ್ಚಿ ಹೋಗಬೇಕು ಹಂಗ. ಎಂಟು ದಿನ ಬಿಟ್ಟು ನೋಡಿದ್ರ ಉಸುಕು. ಆದಿತ್ಯವಾರ ಒಂದು ತಾಸು ಸಪ್ಪಳ ಮಾಡಿ ಸೋಮವಾರ ಒಣಗೋ ಹಳ್ಳ ಬೇಡ, ಬ್ಯಾಸಿಗಿಯಲ್ಲೂ ಕೊಡ ತುಂಬೋ ನೀರು ಬೇಕು ಅಂತ ಆಮೋಸ ಹೇಳ್ತಾನ.

ಈಗ ನನ್ನ ಕತೆ. ಕಿಲ್ಲಾರಿ ಭೂಕಂಪದ ಮರುವರ್ಷ ನಮ್ಮ ಹೊಲದಾಗ ಜೋಳ ಛಲೋ ಬಂದಿತ್ತು. ಆಗಿನ್ನೂ ಸುಗ್ಗಿಯ ಕೂಲಿ ಕಾಳಿನಾಗೇ ಕೊಡತಿದ್ವಿ. ನಮ್ಮ ಮನ್ಯಾಗ ಎರಡು ಸೇರು ಇದ್ದವು. ಒಂದು ನೆಟ್ಟಗಿತ್ತು. ಇನ್ನೊಂದು ನಮ್ಮಪ್ಪನ ಕಾಲದಾಗ ಬಂಡಿಯಿಂದ ಬಿದ್ದು ತಳ ಒಳಗ ನೆಗ್ಗಿತ್ತು. ಅಳೆದರ ಒಂದು ಮುಷ್ಟಿ ಕಾಳು ಕಮ್ಮಿ. ನೆಟ್ಟಗಿದ್ದದ್ದು ಮನಿ ಅಳತಿಗೆ, ನೆಗ್ಗಿದ್ದು ಕೂಲಿ ಅಳತಿಗೆ. ಹಂಗ ಮಾಡು ಅಂತ ನಮ್ಮಪ್ಪ ನನಗ ಹೇಳಿಲ್ಲ, ನಾನು ನನ್ನ ಹೆಂಡತಿಗೆ ಹೇಳಿಲ್ಲ. ಕೈ ತಾನಾಗಿಯೇ ಕಣದಾಗ ಆ ಸೇರಿಗೆ ಹೋಗತಿತ್ತು. ರೂಢಿ ಅಂದ್ರ ಅದೇ.

ಆ ವರ್ಷ ಸುಗ್ಗಿ ಹಬ್ಬಕ್ಕ ಪ್ರಥಮ ಫಲ ಅಂತ ಒಂದು ಚೀಲ ಜೋಳ ಒಯ್ದು ಪೀಠದ ಮುಂದ ಇಟ್ಟೆ. ತಬಲಾ, ಪೇಟಿ ಸಂಗಾಟ ಕೃತಜ್ಞತೆಯ ಹಾಡು ಹಾಡಿದೆ. ಜನ ಕಣ್ಣು ಒರಸಿಕೊಂಡರು. ಹೊರಗ ಬಂದಾಗ ನಮ್ಮ ಹೊಲದಾಗ ಕೂಲಿ ಮಾಡಿದ ಮುದುಕಿ ಒಬ್ಬಾಕಿ ಕಟ್ಟಿ ಮ್ಯಾಲ ಕುಂತಿದ್ದಳು. ಆಕಿಯೂ ನಮ್ಮ ಸಭೆಯಾಕಿನೇ, ಸೆರಗಿನಾಗ ಒಂದು ಬೊಗಸೆ ಕಾಳು ಕಾಣಿಕಿ ತಂದಿದ್ದಳು. ನನ್ನ ನೋಡಿ, "ತಮ್ಮಾ, ಚೀಲ ತುಂಬ ತಂದಿಯಲ್ಲಪ್ಪಾ. ಇದು ಯಾವ ಸೇರಿಲೆ ಅಳದು ತಂದಿ?" ಅಂದಳು.

ಚುಚ್ಚಬೇಕಂತ ಅಂದಳೋ, ಸುಮ್ಮನೆ ಕೇಳಿದಳೋ, ನನಗ ಇವತ್ತಿಗೂ ತಿಳಿದಿಲ್ಲ. ನನಗ ಸಿಟ್ಟು ಬಂತು. "ಚೀಲಕ್ಕ ಸೇರು ಯಾಕ ಬೇಕಬೇ?" ಅಂತ ಅಂದು ಮನಿಗೆ ಬಂದೆ.

ಕೆಲ ತಿಂಗಳ ಮ್ಯಾಲ ಒಂದು ಆದಿತ್ಯವಾರ ಆಮೋಸನ ಎಂಟನೇ ಅಧ್ಯಾಯ ಓದಿದರು. ಅಲ್ಲಿ ಕಾಳಿನ ವ್ಯಾಪಾರಿಗಳು ಬರ್ತಾರ. ಅವರು ಸಬ್ಬತ್ತಿನ ದಿನ ಅಂಗಡಿ ತೆಗೆಯೋದಿಲ್ಲ. ಅಮಾವಾಸ್ಯೆಯ ಹಬ್ಬ ತಪ್ಪಸೋದಿಲ್ಲ. ನೇಮ ಪಕ್ಕಾ. ಆದರ ಕುಂತಲ್ಲೇ ಮನಸ್ಸಿನಾಗ ಈ ಹಬ್ಬ ಯಾವಾಗ ಮುಗೀತದೋ, ಕಾಳು ಯಾವಾಗ ಮಾರೇವೋ ಅಂತ ಲೆಕ್ಕ. ಅಳತಿಯ ಪಾತ್ರೆ ಸಣ್ಣದು ಮಾಡಬೇಕು, ತೂಕದ ಕಲ್ಲು ದೊಡ್ಡದು ಮಾಡಬೇಕು, ತಕ್ಕಡಿ ಮೋಸದ್ದು ಇಡಬೇಕು, ಗೋಧಿಯ ಸಂಗಾಟ ಕಸನೂ ಮಾರಬೇಕು ಅಂತ ಯೋಚನೆ. ಅಳತಿಯ ಪಾತ್ರೆ ಅಂತ ಓದಿದ ಕೂಡಲೇ ನಮ್ಮ ನೆಗ್ಗಿದ ಸೇರು ಕಣ್ಣ ಮುಂದ ಬಂತು.

ಪ್ರಸಂಗ ಆದ ಮ್ಯಾಲ ಹಾಡು ನನ್ನದಿತ್ತು. ಬಾಯಿ ತೆರೆದರ ದನಿ ಹೊಂಡಲಿಲ್ಲ ಅಂತ ಬರೆದರ ಛಂದ ಆಗ್ತಿತ್ತು, ಆದರ ಅದು ಸುಳ್ಳು. ದನಿ ಬಂತು. ಎಂದಿನಂಗ ಛಲೋ ಹಾಡಿದೆ, ತಾಳ ತಪ್ಪಲಿಲ್ಲ. ಅದೇ ನನಗ ಅಂಜಿಕಿ ಆಯ್ತು. ಒಳಗ ಏನೂ ಇಲ್ಲದಿದ್ದರೂ ಹೊರಗ ಇಷ್ಟು ಸರಾಗ ನಡೀತದಲ್ಲ ಅಂತ.

ಆವತ್ತು ಸಂಜಿಗೆ ಸೇರಿನ ತಳ ಬಡದು ನೆಟ್ಟಗ ಮಾಡಿದೆ. ಮರುದಿನ ಒಂದು ಚೀಲ ಜೋಳ ಹೊತ್ತುಕೊಂಡು ಆ ಮುದುಕಿಯ ಮನಿಗೆ ಹೋದೆ. ಎಷ್ಟು ಸುಗ್ಗಿ, ಎಷ್ಟು ಮುಷ್ಟಿ, ಲೆಕ್ಕ ಯಾರಿಟ್ಟಾರ? ಆಕಿ ತಗೊಂಡಳು. ಬೇಡ ಅನ್ನಲಿಲ್ಲ, ಹರಸಲೂ ಇಲ್ಲ. ತಂದದ್ದು ದಾನ ಅಲ್ಲ, ಸಾಲ ಅಂತ ಆಕಿಗೆ ಗೊತ್ತಿತ್ತು. ಉಳಿದ ಕೂಲಿಯವರಿಗೂ ಆದಷ್ಟು ಕೊಟ್ಟೆ. ಕೆಲವರು ಅಷ್ಟೊತ್ತಿಗೆ ಊರು ಬಿಟ್ಟು ಹೈದರಾಬಾದಿಗೆ ದುಡಿಯಲು ಹೋಗಿಬಿಟ್ಟಿದ್ದರು. ಅವರ ಲೆಕ್ಕ ನನ್ನ ಮ್ಯಾಲ ಹಂಗೇ ಅದ.

ಇದಾದ ಮ್ಯಾಲ ಪುಸ್ತಕ ತಿರುಗಿ ಓದಿದೆ. ಆಗ ತಿಳೀತು, ಆಮೋಸ ಎರಡು ರೂಢಿ ನೋಡಿದಾನ. ಒಂದು ಗುಡಿಯ ರೂಢಿ, ಇನ್ನೊಂದು ಸಂತಿಯ ರೂಢಿ. ಎರಡೂ ತಪ್ಪದೆ ನಡೀತಾವ, ಆದರ ಒಂದಕ್ಕೊಂದು ಭೇಟಿ ಆಗೋದೇ ಇಲ್ಲ. ಎರಡನೇ ಅಧ್ಯಾಯದಲ್ಲಿ ಒಂದು ನೋಟ ಅದ. ಬಡವನಿಂದ ಒತ್ತೆ ಇಟ್ಟುಕೊಂಡ ಬಟ್ಟಿಯನ್ನ ಹಾಸಿಕೊಂಡು ಸಾವಕಾರರು ಬಲಿಪೀಠದ ಬಗಲಿಗೆ ಮಲಗ್ತಾರ. ಒತ್ತೆಯ ಹೊದಿಕೆಯನ್ನ ಹೊತ್ತು ಮುಳುಗೋದರೊಳಗ ತಿರುಗಿ ಕೊಡಬೇಕು, ಬಡವನಿಗೆ ರಾತ್ರಿ ಹೊದಿಯಲು ಬೇರೆ ಇಲ್ಲ ಅಂತ ಮೋಶೆಯ ಧರ್ಮಶಾಸ್ತ್ರ ಇತ್ತು. ಒಬ್ಬ ಮನಿಯಾಗ ಚಳಿಗೆ ನಡಗ್ತಾನ, ಅವನ ಕಂಬಳಿ ಗುಡಿಯಲ್ಲಿ ಇನ್ನೊಬ್ಬನ ಮೈ ಕೆಳಗ ಬೆಚ್ಚಗ ಅದ. ಪೊಳ್ಳು ಆರಾಧನೆ ಅಂದ್ರ ಏನು ಅಂತ ಇದಕ್ಕಿಂತ ಕಮ್ಮಿ ಮಾತಿನಾಗ ಹೇಳಿದವರನ್ನ ನಾನು ಓದಿಲ್ಲ.

ಈ ಪುಸ್ತಕವನ್ನ ನಮ್ಮವರು ಓದೋ ರೀತಿಯ ಮ್ಯಾಲ ಒಂದು ತಕರಾರು ಅದ. ಆಮೋಸನ ಮಾತನ್ನ ಪರರ ಮ್ಯಾಲ ಎಸೀತಾರ. ಕಟ್ಟುನಿಟ್ಟಿನ ಪ್ರಾರ್ಥನೆ ಪುಸ್ತಕ ಹಿಡಿದವರನ್ನ ನೋಡಿ ಹೊಸ ಸಭೆಯವರು, ಇವರದು ಬರೀ ಬಾಯಿಪಾಠ ಅಂತಾರ. ಕೀಬೋರ್ಡು, ದೊಡ್ಡ ಸ್ಪೀಕರು ಇಟ್ಟು ರಾತ್ರಿಯೆಲ್ಲ ಕೈ ಎತ್ತಿ ಅಳುವವರನ್ನ ನೋಡಿ ಹಳೆಯವರು, ಇದು ಬರೀ ಗದ್ದಲ ಅಂತಾರ. ಇಬ್ಬರೂ ಸೇರಿ ಮೇಣಬತ್ತಿ ಹಚ್ಚುವವರನ್ನ, ತೆಂಗಿನಕಾಯಿ ಒಡೆಯುವವರನ್ನ ಬೆರಳು ಮಾಡಿ ತೋರಸ್ತಾರ. ಪಲ್ಲವಿ ಎಂಟನೇ ಸಲ ಎಲ್ಲಿ ಬಂದು ನಿಂತಿತು ಅನ್ನೋದನ್ನ ಇವರು ಮರೆತಾರ. ಅಳು ಕೂಡ ರೂಢಿ ಆಗ್ತದ, ನನಗ ಗೊತ್ತದ. ಯಾವ ಸಾಲಿಗೆ ಜನ ಕಣ್ಣು ಒರಸ್ತಾರ ಅಂತ ಹಾಡುಗಾರನಿಗೆ ಮೊದಲೇ ಗೊತ್ತಿರ್ತದ. ಆಮೋಸ ಇಬ್ಬರನ್ನೂ ಕೇಳೋದು ಒಂದೇ ಪ್ರಶ್ನೆ, ಆ ಮುದುಕಿ ಕೇಳಿದ್ದೇ.

ಹಂಗಂತ ನೇಮವೇ ಬೇಡ, ಹಾಡೇ ಬೇಡ, ಮನಸ್ಸು ಶುದ್ಧ ಇದ್ದರ ಸಾಕು ಅನ್ನುವವರ ಮಾತನ್ನೂ ನಾನು ಒಪ್ಪೋದಿಲ್ಲ. ನಮ್ಮವ್ವಗ ಓದು ಬರತಿರಲಿಲ್ಲ. ಕರ್ತನ ಪ್ರಾರ್ಥನೆಯನ್ನ ಬಾಯಿಪಾಠ ಮಾಡಿದ್ದಳು. ರೊಟ್ಟಿ ಬಡಿಯುವಾಗ, ಬೀಸುವಾಗ, ದಿನಾ ಅದೇ. ಚಿಕ್ಕಂದಿನಾಗ ನಾನು, "ಯವ್ವಾ, ದೇವರಿಗೆ ಬ್ಯಾಸರ ಬರೋದಿಲ್ಲೇನು?" ಅಂತ ಕೇಳಿದ್ದೆ. ಕಡೀ ಎರಡು ವರ್ಷ ಆಕಿಗೆ ಮರೆವು ಬಂತು. ನನ್ನ ಹೆಸರು ಮರೆತಳು, ತನ್ನ ಹೆಸರು ಮರೆತಳು. ಆ ಪ್ರಾರ್ಥನೆ ಉಳೀತು. ಅದನ್ನ ಹೇಳುವಾಗ ಆಕಿಯ ಮುಖ ಮೊದಲಿನಂಗ ಆಗತಿತ್ತು. ಬದುಕೆಲ್ಲ ದಿನಕ್ಕೊಂದು ಹಿಡಿ ಹಗೇವಿಗೆ ಹಾಕಿದ ಕಾಳು ಬರಗಾಲಕ್ಕ ಬಂದಂಗ.

ಸುವಾರ್ತೆಯಲ್ಲೂ ನೋಡ್ರಿ. ಅರ್ಥ ಇಲ್ಲದೆ ಹೇಳಿದ್ದೇ ಹೇಳಬೇಡ್ರಿ ಅಂತ ಯೇಸು ಮತ್ತಾಯನ ಆರನೇ ಅಧ್ಯಾಯದಲ್ಲಿ ಬುದ್ಧಿ ಹೇಳ್ತಾನ. ಅದರ ಬೆನ್ನಿಗೇ ಬಾಯಿಪಾಠ ಮಾಡಬಹುದಾದ ಈ ಪ್ರಾರ್ಥನೆ ಕಲಸ್ತಾನ. ಗೆತ್ಸೇಮನೆ ತೋಟದಾಗ ಸಾವು ಎದುರಿಗೆ ಇದ್ದಾಗ ಸ್ವತಃ ಅದೇ ಮಾತನ್ನ ಮೂರು ಸಲ ಬೇಡಿಕೊಂಡ ಅಂತ ಅದೇ ಮತ್ತಾಯ ಬರೆದಾನ. ಹೇಳಿದ್ದೇ ಹೇಳೋದು ತಪ್ಪಾಗಿದ್ದರ ಅಲ್ಲೇ ತಪ್ಪಾಗಬೇಕಿತ್ತು.

ಆಮೋಸನ ಪುಸ್ತಕದೊಳಗೂ ಇದಕ್ಕ ಸಾಕ್ಷಿ ಅದ. ಈತ ಬರೀ ಬೈತಾನ, ಖರೆ ಪ್ರಾರ್ಥನೆ ಹ್ಯಾಂಗ ಇರ್ತದ ಅಂತ ತೋರಸೋದೇ ಇಲ್ಲ ಅಂತ ನನಗ ಬಹಳ ದಿನ ಅನಿಸಿತ್ತು. ಆಮ್ಯಾಲ ಏಳನೇ ಅಧ್ಯಾಯದಾಗ ಸಿಕ್ಕಿತು. ಮಿಡತಿಯ ಹಿಂಡು ಬೆಳಿ ತಿನ್ನೋದು ದರ್ಶನದಾಗ ಕಾಣ್ತದ. ಆಮೋಸ ಕೈ ಮುಗಿದು, ಈ ಜನ ಸಣ್ಣದು, ತಾಳಲಾರದು, ಕ್ಷಮಿಸು ಅಂತ ಬೇಡ್ತಾನ. ದೇವರು ಬಿಡ್ತಾನ. ಆಮ್ಯಾಲ ಬೆಂಕಿ ಕಾಣ್ತದ. ಮತ್ತ ಹೆಚ್ಚುಕಮ್ಮಿ ಅದೇ ಮಾತು. ಮತ್ತ ದೇವರು ಬಿಡ್ತಾನ. ಬೇತೇಲಿನ ಅಷ್ಟು ವಾದ್ಯ, ಅಷ್ಟು ಹಾಡು ದೇವರ ಕಿವಿಗೆ ಬೀಳಲಿಲ್ಲ. ಕುರಿಗಾರನ ಒಂದು ಉಸಿರಿನ ಮಾತು, ಅದೂ ಎರಡು ಸಲ ಹೇಳಿದ ಒಂದೇ ಮಾತು, ಬಿತ್ತು. ಯಾಕಂದ್ರ ಅದು ತನಗಾಗಿ ಬೇಡಿದ್ದಲ್ಲ. ತನ್ನನ್ನ ಗಡಿ ಆಚೆ ಅಟ್ಟಲಿದ್ದ ಜನಕ್ಕಾಗಿ ಬೇಡಿದ್ದು. ಬೈದವನೇ ಅವರಿಗಾಗಿ ಅತ್ತಾನ. ಇದನ್ನ ಬಿಟ್ಟು ಬರೀ ಬೈಗಳ ಓದಿದರ ಆಮೋಸನನ್ನ ಅರ್ಧ ಓದಿದಂಗ.

ಕಡೀಗೆ ನಮ್ಮ ಮಾಸ್ತರ ಮಂದಿಗೆ ಒಂದು ಮಾತು. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರು ದುಡಿದು 1830ರ ಸುಮಾರಿಗೆ ಇಡೀ ಬೈಬಲ್ಲನ್ನ ಕನ್ನಡಕ್ಕೆ ತಂದರು. ಅಂದಿನಿಂದ ಆಮೋಸ ಕನ್ನಡ ಮಾತಾಡ್ತಾನ. ಈಗ ನಮ್ಮೂರಿನ ಮಕ್ಕಳು ಸಾಲಿಯಲ್ಲಿ ಕಲಿಯೋದು ತೆಲುಗು, ಇಂಗ್ಲಿಷು. ನನ್ನ ಮೊಮ್ಮಗ ಕನ್ನಡ ಹಾಡನ್ನ ತೆಲುಗು ಅಕ್ಷರದಾಗ ಬರಕೊಂಡು ಹಾಡ್ತಾನ. ರಾಗ ಸರಿ, ತಾಳ ಸರಿ, ಅರ್ಥ ಕೇಳಿದರ ಅರ್ಧ ಗೊತ್ತಿಲ್ಲ. ಇದೂ ಪೊಳ್ಳೇ ಅಂತ ಬೈಯಬೇಕಾ? ನಾನು ಬೈಯೋದಿಲ್ಲ. ನಮ್ಮವ್ವನ ಹಗೇವು ನೋಡಿದವನು ನಾನು. ಬಾಯಿಗೆ ಬಂದದ್ದು ಉಳೀಲಿ. ಆದರ ಅರ್ಥ ಹೇಳಬೇಕಾದವರು ನಾವು, ಹೇಳದಿದ್ದರ ಪೊಳ್ಳುತನದ ಪಾಲು ನಮ್ಮದು.

ಮೊನ್ನೆ ಆತ ಅಟ್ಟದ ಮ್ಯಾಲಿಂದ ಆ ಸೇರು ತೆಗೆದು, "ತಾತಾ, ಇದರ ತಳಕ್ಕ ಇಷ್ಟು ಸುತ್ತಿಗಿ ಪೆಟ್ಟು ಯಾಕ ಬಿದ್ದಾವ?" ಅಂತ ಕೇಳಿದ. ಕೂಡ್ರಿಸಿಕೊಂಡು ಹೇಳಿದೆ. ಎಲ್ಲ ಕೇಳಿ ಆತ, "ಹಂಗಾದ್ರ ಈಗ ಆದಿತ್ಯವಾರ ಹಾಡ್ತಿಯಲ್ಲ ತಾತಾ?" ಅಂದ. ಹಾಡ್ತೀನಿ. ಹಾಡೋ ಮುಂದ ಒಂದು ಸಲ ಆ ಮುದುಕಿ ಕುಂತಿರತಿದ್ದ ಕಟ್ಟಿ ಕಡೆ ನೋಡ್ತೀನಿ. ಆಕಿ ತೀರಿಕೊಂಡು ಬಹಳ ವರ್ಷ ಆದವು. ಆದರೂ ನೋಡಿಯೇ ಹಾಡ್ತೀನಿ.